ಚಿಕ್ಕಬೈರಪ್ಪನ ಪಂಚೆಗೆ ಎಷ್ಟು ನೀಲಿ?

ನಮ್ಮತ್ತಿಗೆ ವನಜಾಳ ಕಣ್ಣಿನ ವಿಷಯ ಹೇಳುವುದಕ್ಕೆ ಮೊದಲು ನನ್ನ ವಿಷಯ ಎರಡು ಮಾತು ಹೇಳಿಬಿಡುತ್ತೇನೆ. ಆಮೇಲೆ ನನ್ನನ್ನು ಕೇಳುವವರು ಯಾರೂ ಇರುವುದಿಲ್ಲ. ನಾನು ಲೋಕೇಶ್, ಚಿಕ್ಕಬಾಣಾವರದವನು. ಇಪ್ಪತ್ತಾರು ವರ್ಷದಿಂದ ಮದುವೆ ವಿಡಿಯೋ ಮಾಡುತ್ತಿದ್ದೇನೆ. ಕ್ಯಾಸೆಟ್ಟಿನ ಕಾಲದಲ್ಲಿ ಗಂಡುಹೆಣ್ಣನ್ನು ಹೃದಯದ ಚಿತ್ರದೊಳಗೆ ಕೂರಿಸಿ, ಅರಳುವ ತಾವರೆಯೊಳಗಿಂದ ಈಚೆಗೆ ತಂದವನು ನಾನು. ಈಗ ಅದೇ ಗಂಡುಹೆಣ್ಣಿನ ಮಕ್ಕಳ ಮದುವೆಗೆ ಡ್ರೋನ್ ಹಾರಿಸುವವನೂ ನಾನೇ. ನನಗೆ ಕೆಲಸ ಬರುವುದಿಲ್ಲ ಅಂತ ಯಾರಾದರೂ ಅಂದರೆ ಸಿಟ್ಟು ನೆತ್ತಿಗೇರುತ್ತದೆ. ಆದರೂ ಈ ಕಥೆಯಲ್ಲಿ ತಪ್ಪು ಮಾಡಿದವನು ನಾನೇ. ಹೇಳಿಬಿಟ್ಟೆ, ಇನ್ನು ನಿರಾಳ.

ಅತ್ತಿಗೆ ನಮ್ಮ ಮನೆಗೆ ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ಮದುವೆಯಾದ ಮರುದಿನವೇ ನನ್ನ ಯೂನಿಫಾರಂ ಪ್ಯಾಂಟನ್ನು ಬಾಗಿಲ ಬೆಳಕಿಗೆ ಹಿಡಿದು, "ಲೋಕೇಶ, ಇದರ ಎಡಗಾಲು ಒಂದು ಬಟ್ಟೆ, ಬಲಗಾಲು ಇನ್ನೊಂದು ಬಟ್ಟೆ ಕಣೋ. ಟೈಲರ್ ನಿನಗೆ ಟೋಪಿ ಹಾಕಿದ್ದಾನೆ" ಅಂದಳು. ಎರಡು ವರ್ಷ ಅದನ್ನೇ ತೊಟ್ಟುಕೊಂಡು ಓಡಾಡಿದ ನನಗೆ ಅದು ಗೊತ್ತಿರಲಿಲ್ಲ. ಅವತ್ತಿನಿಂದ ಆ ಪ್ಯಾಂಟು ಹಾಕಿದಾಗಲೆಲ್ಲ ಊರಿಗೆ ಊರೇ ನನ್ನ ಕಾಲು ನೋಡುತ್ತಿದೆ ಅನ್ನಿಸಿ, ಸೈಕಲ್ ಮೇಲಿಂದ ಇಳಿಯುವುದನ್ನೇ ಬಿಟ್ಟೆ.

ನಮ್ಮೂರಿನಲ್ಲಿ ಯಾರು ಸೀರೆ ತೆಗೆದರೂ ರವಿಕೆ ಬಟ್ಟೆಗೆ ಅತ್ತಿಗೆ ಹೋಗಲೇಬೇಕು. ಅವಳು ಒಳಗೆ ಕಾಲಿಟ್ಟರೆ ಅಂಗಡಿಯವರ ಮುಖ ಸಣ್ಣಗಾಗುತ್ತದೆ. ಅವರು ಮ್ಯಾಚಿಂಗ್ ಅಂತ ಕೊಟ್ಟದ್ದನ್ನು ಎತ್ತಿಕೊಂಡು ಸೀದಾ ರಸ್ತೆಗೆ ಹೋಗಿ, ಬಿಸಿಲಿಗೆ ಬೆನ್ನು ಕೊಟ್ಟು ನಿಂತು ನೋಡಿ, "ಅಣ್ಣ, ಇದು ಸೀರೆಗೆ ದೂರದ ನೆಂಟ" ಅಂತ ವಾಪಸ್ ಕೊಡುತ್ತಾಳೆ.

ಇಂಥ ಕಣ್ಣನ್ನು ಪೀಣ್ಯದ ಒಂದು ಬಟ್ಟೆ ಬಣ್ಣ ಹಾಕುವ ಕಾರ್ಖಾನೆ ಇಪ್ಪತ್ಮೂರು ವರ್ಷ ದುಡಿಸಿಕೊಂಡಿತು. ಅಲ್ಲಿ ಅವಳ ಕೆಲಸ ಒಂದೇ. ಬಣ್ಣದ ತೊಟ್ಟಿಯಿಂದ ಬಂದ ಪ್ರತಿ ಲಾಟಿನ ಬಟ್ಟೆಯನ್ನೂ ಗಿರಾಕಿ ಕೊಟ್ಟ ತುಂಡಿನ ಪಕ್ಕ ಇಟ್ಟು ನೋಡಬೇಕು. ಸರಿ ಇದ್ದರೆ ಓಕೆ ಅಂತ ಗುಂಡನೆಯ ಸೀಲು. ಸರಿ ಇಲ್ಲದಿದ್ದರೆ ವಾಪಸ್. ಅತ್ತಿಗೆ ವಾಪಸ್ ಅಂದರೆ ಬಣ್ಣ ಕಲಸುವ ಮಾಸ್ಟರುಗಳೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಒಮ್ಮೆ ಒಂದೇ ದಿನ ಒಂಬತ್ತು ಲಾಟು ವಾಪಸ್ ಕಳಿಸಿ ಮನೆಗೆ ಬಂದು, ಜಾತ್ರೆಯಲ್ಲಿ ಗೆದ್ದ ಪೈಲ್ವಾನನ ಹಾಗೆ ಎದೆಯುಬ್ಬಿಸಿಕೊಂಡು ಮುದ್ದೆ ಕಟ್ಟಿದಳು.

ಆಮೇಲೆ ಮಿಷನ್ನು ಬಂತು. ತಲೆಕೂದಲು ಒಣಗಿಸುವ ಯಂತ್ರದಷ್ಟು ಗಾತ್ರ, ಅಷ್ಟೇ. ಬಟ್ಟೆಯ ಮೇಲಿಟ್ಟರೆ ಕೀಂಯ್ ಅಂತ ಸದ್ದು ಮಾಡಿ ಅದರ ಬಣ್ಣ ಅಳೆದು ಒಂದು ಅಂಕಿ ತೋರಿಸುತ್ತದೆ. ಮ್ಯಾನೇಜರು ಅತ್ತಿಗೆಯನ್ನು ಕರೆದು, "ವನಜಮ್ಮಾ, ಪಾಪ ಆ ಕಣ್ಣಿಗೆ ಇನ್ನಾದರೂ ರೆಸ್ಟ್ ಕೊಡಿ" ಅಂದು, ಹಾರ ಹಾಕಿ, ಕೈಗೊಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಮನೆಗೆ ಬಂದವಳು ಗಡಿಯಾರವನ್ನು ಕಿಟಕಿಯ ಹತ್ತಿರ ಹಿಡಿದು ನೋಡಿ, "ಇದರ ಬಿಳೀನೇ ಸರಿಯಿಲ್ಲ" ಅಂತ ನಕ್ಕು ಅಟ್ಟಕ್ಕೆ ಎಸೆದಳು. ಅದಾದ ಮೇಲೆ ಒಂದು ತಿಂಗಳು ಯಾರ ರವಿಕೆಗೂ ಹೋಗಲಿಲ್ಲ. ಕರೆಯಲು ಬಂದವರಿಗೆ ತಲೆನೋವು ಅನ್ನುತ್ತಿದ್ದಳು. ನಮ್ಮತ್ತಿಗೆ ತಲೆನೋವು ಕೊಟ್ಟಾಳೇ ಹೊರತು ಅವಳಿಗೆ ಅದು ಬರುವುದಿಲ್ಲ ಅಂತ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವವನು ನಾನು.

ನನ್ನ ಸ್ಟುಡಿಯೋ ಇರುವುದು ಅಣ್ಣನ ಮನೆಯ ಮಹಡಿಯಲ್ಲಿ. ಒಂದು ದಿನ ಕಾಫಿ ಕೊಡಲು ಬಂದ ಅತ್ತಿಗೆ ಲೋಟ ಕೈಯಲ್ಲಿ ಹಿಡಿದೇ ನನ್ನ ಪರದೆಯ ಮುಂದೆ ನಿಂತುಬಿಟ್ಟಳು.

"ಈ ಹುಡುಗಿಗೆ ಕಾಮಾಲೇನಾ?"

"ಅತ್ತಿಗೆ, ಅದು ಲುಕ್ಕು."

"ಆ ಕ್ಯಾಮರಾದಲ್ಲಿ ಕಾಮಾಲೆ, ಈ ಕ್ಯಾಮರಾದಲ್ಲಿ ನೆಗಡಿ, ಮೂರನೇದರಲ್ಲಿ ಚಳಿಜ್ವರ. ಒಂದೇ ಮಂಟಪದಲ್ಲಿ ಒಬ್ಬಳಿಗೆ ಎಷ್ಟು ಕಾಯಿಲೆ ಕಣೋ!"

ಮೌಸು ಕುಕ್ಕಿ ಎದ್ದೆ. "ಅಷ್ಟು ಗೊತ್ತಿದ್ರೆ ನೀನೇ ಮಾಡು!" ಸಿಟ್ಟಿನಲ್ಲಿ ನಾನು ಆಡಿದ ಮಾತುಗಳಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ. ಕೂತಳು. ಬಣ್ಣ ತಿದ್ದುವುದಕ್ಕೆ ಅಂತ ನನ್ನ ಹತ್ತಿರ ಒಂದು ಹಲಗೆ ಇತ್ತು. ಅದರ ಮೇಲೆ ಮೂರು ಗುಂಡು. ಒಂದು ಕತ್ತಲಿಗೆ, ಒಂದು ಬೆಳಕಿಗೆ, ಒಂದು ಅವೆರಡರ ನಡುವಿನದಕ್ಕೆ. ಗುಂಡನ್ನು ಯಾವ ಕಡೆ ಉರುಳಿಸಿದರೆ ಚಿತ್ರ ಆ ಕಡೆಯ ಬಣ್ಣಕ್ಕೆ ವಾಲುತ್ತದೆ. ಫ್ಯಾಷನ್ನಿಗೆ ತಂದಿಟ್ಟುಕೊಂಡಿದ್ದೆ, ಅದನ್ನು ಮುಟ್ಟಿದರೆ ನನಗೆ ಎಲ್ಲವೂ ನೇರಳೆಯಾಗುತ್ತಿತ್ತು. ಮೂವತ್ತು ವರ್ಷ ಮುದ್ದೆ ಉರುಳಿಸಿದ ಅತ್ತಿಗೆಯ ಅಂಗೈಗೆ ಆ ಗುಂಡುಗಳು ಸಿಕ್ಕಿದವು ನೋಡಿ, ಹತ್ತು ನಿಮಿಷದಲ್ಲಿ ಮೂರು ಕ್ಯಾಮರಾದ ಹುಡುಗಿಯೂ ಒಬ್ಬಳೇ ಆದಳು. ಕಾಮಾಲೆ, ನೆಗಡಿ, ಚಳಿಜ್ವರ ಎಲ್ಲ ಮಾಯ. ನಾನು ಬಾಯಿಬಿಟ್ಟುಕೊಂಡು ನೋಡುತ್ತಲೇ ಇದ್ದೆ. ಕಾಫಿ ಆರಿಹೋಗಿತ್ತು.

ಅಲ್ಲಿಂದ ಒಂದೂವರೆ ವರ್ಷ ನಮ್ಮ ಮಹಡಿಯಿಂದ ಹೋದ ಮದುವೆಗಳನ್ನು ನೋಡಿ ಜನ ಹುಬ್ಬೇರಿಸಿದರು. ಅಂಥದ್ದೇ ಒಂದು ಫಿಲ್ಮು ಅವರಿವರ ಫೋನಿಗೆ ಹಾರುತ್ತಾ ವೈಟ್‌ಫೀಲ್ಡ್‌ನ ವೇಣಿ ಮೇಡಂ ಕೈ ಸೇರಿತು. ಕುಂದಲಹಳ್ಳಿಯ ಹಳೇ ಮನೆತನದವರು. ಅಪ್ಪನ ರಾಗಿ ಹೊಲ ಇದ್ದ ಕಡೆಯೇ ದೊಡ್ಡ ಸ್ಟುಡಿಯೋ ಕಟ್ಟಿಸಿ ಕಂಪನಿಗಳ ಜಾಹೀರಾತು ಮಾಡುತ್ತಾರೆ. ಅವರು ಫೋನ್ ಮಾಡಿ, "ಇದರ ಕಲರ್ ಮಾಡಿದ್ದು ಯಾರು?" ಅಂದಾಗ ನಾನೇ ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಅತ್ತಿಗೆ ಪಕ್ಕದಲ್ಲೇ ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ಸ್ಪೀಕರ್ ಆನ್ ಮಾಡಿದೆ.

"ನೋಡಿ ಅಕ್ಕ, ಓಪನ್ ಆಗಿ ಹೇಳ್ತೀನಿ" ಅಂದರು ವೇಣಿ ಮೇಡಂ. "ನಮ್ಮಲ್ಲೀಗ ಎಲ್ಲಾ ಕ್ಯಾಮರಾನೂ ಸಾಫ್ಟ್‌ವೇರೇ ಮ್ಯಾಚ್ ಮಾಡುತ್ತೆ. ಕಲರ್‌ಗೆ ಅಂತ ಒಂದು ಸೀಟ್ ಇಡಬೇಕಾ, ತೆಗೀಬೇಕಾ ಅಂತ ಯೋಚನೆಯಲ್ಲಿದ್ದೀನಿ. ಮುಂದಿನ ಸೋಮವಾರ ಬನ್ನಿ. ಹೊಸದೊಂದು ಫಿಲ್ಮ್ ತನ್ನಿ, ಬಣ್ಣ ಮುಟ್ಟದೇ ಇರೋ ಫೂಟೇಜೂ ತನ್ನಿ. ನಮ್ಮ ಸಾಫ್ಟ್‌ವೇರ್ ಮಾಡಿದ್ದು, ನೀವು ಮಾಡಿದ್ದು, ಎರಡೂ ಪಕ್ಕಪಕ್ಕ ಇಟ್ಟು ನೋಡೋಣ."

ಅತ್ತಿಗೆಯ ಕೈಯಲ್ಲಿದ್ದ ದಂಟು ಹಾಗೇ ನಿಂತಿತು. "ಮತ್ತೆ ಮಿಷನ್ ಜೊತೇನಾ" ಅಂದಳು, ಮೆತ್ತಗೆ. ಆಮೇಲೆ ಸೊಪ್ಪಿನ ಮೊರವನ್ನು ಧಡ್ ಅಂತ ಪಕ್ಕಕ್ಕಿಟ್ಟಳು. "ಹೋಗ್ತೀನಿ. ಸೋತ್ರೆ ಆ ಗಡಿಯಾರ ಅಟ್ಟದಿಂದ ಇಳಿಸಿ, ಗೋಡೆಗೆ ಹಾಕಿ, ಅದರ ಕೆಳಗೇ ಕೂತ್ಕೋತೀನಿ. ಈ ಮಹಡಿ ಮೆಟ್ಟಿಲೂ ಇನ್ನು ಹತ್ತಲ್ಲ. ಕೇಳಿಸ್ತಾ?" ಕೇಳಿಸಿತು. ತಮಾಷೆಗೆ ಹೇಳಿದ್ದಲ್ಲ ಅನ್ನುವುದೂ ಕೇಳಿಸಿತು.

ಅದೇ ವಾರ ಗುರುವಾರ ಚಿಕ್ಕಬೈರಪ್ಪ ಮಾವನ ಮಗಳು ದಿವ್ಯಾಳ ಮದುವೆ. ಪರೀಕ್ಷೆಗೆ ಅದೇ ಆಗಲಿ ಅಂತ ತೀರ್ಮಾನವಾಯಿತು. ಮಾವ ನಮಗೆ ದೂರದ ಸಂಬಂಧ, ಹತ್ತಿರದ ಮನೆ. ಒಂದು ಕಾಲದಲ್ಲಿ ತೋಟ ಇತ್ತು, ಈಗ ನಲವತ್ತು ಬಾಡಿಗೆ ಮನೆ ಇವೆ. ಆದರೆ ಆ ಮನೆಯ ಹೆಸರಿರುವುದು ಅದರಿಂದಲ್ಲ, ಬೈರಮ್ಮತ್ತೆಯ ಬಿಳಿ ಬಟ್ಟೆಯಿಂದ. ಗಂಡನ ಪಂಚೆ ಒಗೆದು, ನೀಲಿಯಲ್ಲಿ ಅದ್ದಿ, ಅವರು ಮಹಡಿಯಲ್ಲಿ ಒಣಗಲು ಹಾಕಿದರೆ ರೈಲಿನಲ್ಲಿ ಹೋಗುವವರೂ ತಿರುಗಿ ನೋಡುತ್ತಾರೆ. ಎಲ್ಲರೂ ಒಂದು ಬಕೆಟ್ಟಿಗೆ ನಾಲ್ಕು ಹನಿ ನೀಲಿ ಹಾಕಿದರೆ ಅತ್ತೆ ಲೆಕ್ಕವಿಲ್ಲದೆ ಬಗ್ಗಿಸುತ್ತಾರೆ. ಈಗಂತೂ ಮಗಳ ಮದುವೆ ಬೇರೆ.

ಮದುವೆಯ ಬೆಳಗ್ಗೆ ಛತ್ರದ ಬಾಗಿಲಲ್ಲಿ ಅತ್ತಿಗೆ ಚಿಕ್ಕಬೈರಪ್ಪ ಮಾವನನ್ನು ನೋಡಿದವಳೇ ಗಲ್ಲಕ್ಕೆ ಕೈಯಿಟ್ಟುಕೊಂಡಳು. "ಏನತ್ತೆ, ಬಾಟಲಿನೇ ಬೋರಲು ಹಾಕಿಬಿಟ್ರಾ? ಮಾವನ ಪಂಚೆ ಆಕಾಶ ಆಗಿದೆಯಲ್ಲ!"

"ಇನ್ನೇನವ್ವ ಮತ್ತೆ? ಬೀಗ್ರು ಬತ್ತಾರೆ. ನಮ್ ಯಜಮಾನ್ರು ಪಳಪಳ ಅಂತಿರ್ಬೇಕು" ಅಂದರು ಬೈರಮ್ಮತ್ತೆ.

ಈ ಮಾತು ನಡೆದಾಗ ನಾನು ಎರಡು ಮಾರು ದೂರದಲ್ಲಿ ಕ್ಯಾಮರಾ ಜೋಡಿಸುತ್ತಿದ್ದೆ. ಎರಡು ಕಿವಿಯಲ್ಲೂ ಕೇಳಿದೆ. ಕೇಳಿಯೂ, ಐದೇ ನಿಮಿಷದ ಮೇಲೆ, ಆ ಕೆಲಸ ಮಾಡಿದೆ.

ಏನು ಮಾಡಿದೆ ಅಂದರೆ, ಚಿತ್ರ ಶುರು ಮಾಡುವ ಮುಂಚೆ ಕ್ಯಾಮರಾಕ್ಕೆ ನಾವು ಒಂದು ಬಿಳಿ ವಸ್ತು ತೋರಿಸಿ, "ನೋಡಪ್ಪ, ಈ ಬೆಳಕಿನಲ್ಲಿ ಬಿಳಿ ಅಂದರೆ ಇದು" ಅಂತ ಹೇಳಿಕೊಡಬೇಕು. ಅದನ್ನು ನಂಬಿಕೊಂಡು ಅದು ಉಳಿದ ಬಣ್ಣವನ್ನೆಲ್ಲ ಹೊಂದಿಸಿಕೊಳ್ಳುತ್ತದೆ. ಅದಕ್ಕೆ ಅಂತಲೇ ನನ್ನ ಹತ್ತಿರ ಒಂದು ಬಿಳಿ ಕಾರ್ಡು ಇತ್ತು. ಹಿಂದಿನ ಮದುವೆಯಲ್ಲಿ ಅಡುಗೆಯವರು ಒಲೆಗೆ ಗಾಳಿ ಹಾಕಲು ಈಸಿಕೊಂಡು ಹೋದವರು ವಾಪಸ್ ಕೊಟ್ಟಿರಲಿಲ್ಲ. ಕಾರ್ಡು ಇಲ್ಲದಿದ್ದರೆ ಏನು ಮುಳುಗಿಹೋಯಿತು? ನಮ್ಮ ಕಡೆ ಮದುವೆಯಲ್ಲಿ ಬಿಳಿ ಪಂಚೆಗೆ ಬರವೇ? ಎದುರಿಗೆ ಮಾವ ಕಂಬದ ಹಾಗೆ ನಿಂತಿದ್ದರು. ಅವರ ಪಂಚೆಯನ್ನೇ ಪರದೆ ತುಂಬ ತುಂಬಿಸಿ ಗುಂಡಿ ಒತ್ತಿದೆ. ಬಂದ ಅಂಕಿಯನ್ನು ಇನ್ನೆರಡು ಕ್ಯಾಮರಾಕ್ಕೂ ಹಾಕಿದೆ. ಮೂರೂ ಒಂದೇ ಥರ ಇರಲಿ, ಅತ್ತಿಗೆಗೆ ಸುಲಭವಾಗಲಿ ಅಂತ. ಕಾಳಜಿ ನೋಡಿ ನನ್ನದು!

ನೀಲಿ ಪಂಚೆಯನ್ನು ಬಿಳಿ ಅಂತ ನಂಬಿದ ಕ್ಯಾಮರಾ ಏನು ಮಾಡುತ್ತದೆ? ಇಡೀ ಮದುವೆಮನೆಯಿಂದ ಅಷ್ಟು ನೀಲಿಯನ್ನು ಕಿತ್ತು ಬಿಸಾಡುತ್ತದೆ. ನೀಲಿ ಹೋದ ಕಡೆ ಹಳದಿ ಬಂದು ಕೂರುತ್ತದೆ. ಸಣ್ಣ ಪರದೆಯಲ್ಲಿ ಎಲ್ಲ ಹಳದಿ ಹಳದಿ ಕಾಣುತ್ತಿದ್ದರೂ ನಾನು, ಆಹಾ, ಎಂಥಾ ಬೆಚ್ಚಗಿನ ಲುಕ್ಕು, ಇದೇ ಈಗಿನ ಟ್ರೆಂಡು ಅಂತ ಹಿಗ್ಗುತ್ತಾ ಎರಡು ಸಲ ಹೋಳಿಗೆ ತಿಂದು ಬಂದೆ.

ಶುಕ್ರವಾರ ಬೆಳಗ್ಗೆ ದೊಡ್ಡ ಪರದೆಗೆ ಹಾಕಿದೆವು. ಅತ್ತಿಗೆ ಮೊದಲು ಕಣ್ಣುಜ್ಜಿಕೊಂಡಳು. ಅರಿಶಿನದ ಡಬ್ಬಿಗೆ ಬಿದ್ದೆದ್ದ ಹಾಗೆ ಐನೂರು ಜನ ಓಡಾಡುತ್ತಿದ್ದಾರೆ. ಪುರೋಹಿತರು ಹಳದಿ, ವಾಲಗದವರು ಹಳದಿ, ಅನ್ನವೇ ಚಿತ್ರಾನ್ನ. ಎಣ್ಣೆಗಪ್ಪು ಬಣ್ಣದ ದಿವ್ಯಾ ಹುರಿಗಡಲೆಯಾಗಿ ಕೂತಿದ್ದಾಳೆ.

"ಬಿಳಿ ಎಲ್ಲಿಂದ ತಗೊಂಡೆ?" ಅಂದಳು ಅತ್ತಿಗೆ.

"ಕಾರ್ಡಿಂದಾನೇ ಅತ್ತಿಗೆ. ಛತ್ರದ ಲೈಟೇ ಸರಿ ಇಲ್ಲ. ಕ್ಯಾಮರಾ ಕಂಪನಿಯವರೂ ಈಗೀಗ..."

ಅಷ್ಟರಲ್ಲಿ ಪರದೆ ತುಂಬ ಒಂದು ಬಟ್ಟೆ ಬಂತು. ಗುಂಡಿ ಒತ್ತುವ ಗಡಿಬಿಡಿಯಲ್ಲಿ ರೆಕಾರ್ಡಿಂಗೂ ಆಗಿಹೋಗಿತ್ತು. ಜರಿ ಅಂಚು, ಮಡಿಕೆ, ಪಕ್ಕದಲ್ಲಿ ಮಾವನ ಉಂಗುರದ ಬೆರಳು. ಇಡೀ ಮದುವೆಯಲ್ಲಿ ಬೆಳ್ಳಗಿದ್ದದ್ದು ಅದೊಂದೇ. ನಾನು ಮೇಲೆ ಫ್ಯಾನು ನೋಡಿದೆ.

ಬೈದಿದ್ದರೆ ಚೆನ್ನಾಗಿತ್ತು. ಅತ್ತಿಗೆ ಬೈಯಲಿಲ್ಲ. ನನ್ನ ಕಂಪ್ಯೂಟರಿನಲ್ಲೂ ತಾನೇ ಬಣ್ಣ ತಿದ್ದುವ ಸೌಕರ್ಯ ಇತ್ತು, ಅದನ್ನು ಒತ್ತಿ ನೋಡಿದೆ. ಅದು ಹಳದಿ ಕಂಡಲ್ಲೆಲ್ಲ ತೊಳೆಯಿತು. ಚೆಂಡುಹೂವು ಕಾಗದವಾಯಿತು, ತಾಳಿಯ ಅರಿಶಿನದ ದಾರ ಹೊಲಿಗೆ ನೂಲಾಯಿತು, ದಿವ್ಯಾಳ ಮುಖಕ್ಕೆ ಬೂದಿ ಬಳಿದಂತಾಯಿತು. ಯಾವ ಹಳದಿ ನನ್ನ ತಪ್ಪಿನದು, ಯಾವ ಹಳದಿ ಮದುವೆಯದು ಅಂತ ಅದಕ್ಕೇನು ಗೊತ್ತು? ಅತ್ತಿಗೆ ಕುರ್ಚಿಯಿಂದ ಎದ್ದು ಬಾಗಿಲ ಕಡೆ ಹೊರಟಳು. "ಗಡಿಯಾರಕ್ಕೆ ಮೊಳೆ ಹೊಡಿಬೇಕು, ಸುತ್ತಿಗೆ ಎಲ್ಲಿಟ್ಟಿದ್ದೀಯ?" ಅಂದಳು. ನಾನೊಬ್ಬ ಅಯೋಗ್ಯ, ನಾನೊಬ್ಬ ದಂಡಪಿಂಡ ಅಂತ ನನ್ನನ್ನು ನಾನೇ ಬೈದುಕೊಳ್ಳುತ್ತಾ ಅವಳ ಹಿಂದೆ ಹೋದೆ.

ಎರಡು ಮೆಟ್ಟಿಲು ಇಳಿದವಳು ನಿಂತಳು. ತಿರುಗಿದಳು. ಕಣ್ಣಲ್ಲಿ ಹಳೇ ಪೀಣ್ಯದ ವನಜಮ್ಮ.

"ಲೋಕೇಶ, ಆ ಪಂಚೆ ಈಗೆಲ್ಲಿದೆ?"

"ಮಾವನ ಸೊಂಟದಲ್ಲಿ ಇರಬೇಕು, ಇನ್ನೆಲ್ಲಿರುತ್ತೆ?"

"ಅದೊಂದು ನನ್ನ ಕಣ್ಮುಂದೆ ಇದ್ರೆ ಸಾಕು ಕಣೋ. ಪರದೆ ಮೇಲಿನ ಪಂಚೆಗೆ ಆ ಪಂಚೇಲಿ ಇರೋಷ್ಟೇ ನೀಲಿ ವಾಪಸ್ ಬರೋವರೆಗೂ ಗುಂಡು ಉರುಳಿಸ್ತೀನಿ. ಪಂಚೆಗೆ ನೀಲಿ ಬಂದ್ರೆ ಉಳಿದೋರಿಗೆಲ್ಲ ಅವರವರ ಬಣ್ಣ ಬರ್ಲೇಬೇಕು. ಒಗೆಯೋ ಮುಂಚೆ ಸಿಗಬೇಕು ಅಷ್ಟೇ. ಬೈರಮ್ಮತ್ತೆ ಇನ್ನೊಂದು ಸಲ ಅದ್ದಿಬಿಟ್ರೆ ಕೆಟ್ಟೆವು. ಓಡು!"

ಓಡಿದೆವು. ಐವತ್ತೊಂದು ವರ್ಷದ ಹೆಂಗಸು ಸೆರಗು ಸಿಕ್ಕಿಸಿಕೊಂಡು ಸ್ಟೇಷನ್ ರಸ್ತೆಯಲ್ಲಿ ಮುಂದೆ, ನಲವತ್ತಾರರ ನಾನು ಏದುಸಿರು ಬಿಡುತ್ತಾ ಹಿಂದೆ. ಯಾರೋ, "ಏನಾಯ್ತಕ್ಕ?" ಅಂತ ಕೂಗಿದರು. "ಪಂಚೆ!" ಅಂತ ಕೂಗಿ ಅತ್ತಿಗೆ ಮುಂದಕ್ಕೆ ಹೋದಳು.

ಮಾವನ ಮನೆಯ ಒಗೆಯುವ ಕಲ್ಲಿನ ಹತ್ತಿರ ಬೈರಮ್ಮತ್ತೆ ಬಕೆಟ್ಟಿನಲ್ಲಿ ನೀಲಿ ಕಲಸುತ್ತಿದ್ದರು. ಜಗಲಿಯ ಮೇಲೆ ಮಾವ, ಅದೇ ಪಂಚೆಯಲ್ಲಿ.

"ಬಿಚ್ರೀ ಬೇಗ, ಬಿಸ್ಲು ಓಯ್ತದೆ" ಅನ್ನುತ್ತಿದ್ದರು ಅತ್ತೆ.

"ಬಿಚ್ಚಬೇಡಿ ಮಾವಾ!" ಅಂತ ಅತ್ತಿಗೆ ಗೇಟಿನಿಂದಲೇ ಚೀರಿದಳು.

ಮಾವ ಎರಡೂ ಕೈಯಲ್ಲಿ ಪಂಚೆ ಹಿಡಿದುಕೊಂಡು ಗೋಡೆಗೆ ಒರಗಿದರು. ವಿಷಯ ಬಿಡಿಸಿ ಹೇಳುವ ಹೊತ್ತಿಗೆ ಬೈರಮ್ಮತ್ತೆಯ ಮುಖ ಕೆಂಪಾಗಿತ್ತು. "ಏನೇ ವನಜಾ, ನನ್ ಪಂಚೆ ಬೆಳ್ಳಗಿಲ್ಲ ಅಂತ ಏಳಾಕೆ ಓಡ್ಬಂದ್ಯಾ? ಊರ್ನಾಗೆ ಯಾವಳ್ ಮನೇಲೈತೆ ಇಂಥ ಬಿಳಿ, ತೋರ್ಸು ನೋಡಾನ!"

"ಅತ್ತೆ, ನಿಮ್ಮ ಬಿಳಿಗೆ ಕ್ಯಾಮರಾನೇ ಮೋಸ ಹೋಗಿದೆ. ಇನ್ನು ಮನುಷ್ಯರ ಪಾಡೇನು?" ಅಂದಳು ಅತ್ತಿಗೆ. ಅತ್ತೆ ಸ್ವಲ್ಪ ಹೊತ್ತು ಯೋಚಿಸಿ, ಇದು ಹೊಗಳಿಕೆಯೇ ಇರಬೇಕು ಅಂತ ತೀರ್ಮಾನಿಸಿ ಬಕೆಟ್ಟು ಸರಿಸಿದರು. ಮಾವ ಮಾತ್ರ ಷರತ್ತು ಹಾಕಿದರು. "ಪಂಚೆ ಕೊಟ್ಟು ನಾನೇನು ಚಡ್ಡೀಲಿ ಕುಂತ್ಕಳಾದಾ? ಪಂಚೆ ಬೇಕಂದ್ರೆ ನಾನೂ ಬತ್ತೀನಿ."

ಹೀಗೆ ಮಾವ ನಮ್ಮ ಸ್ಟುಡಿಯೋದ ಉತ್ತರದ ಕಿಟಕಿಯ ಕೆಳಗೆ ಬೆಳಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಕೂತರು. ಆ ಬೆಳಕೇ ನಿಜ ಹೇಳುತ್ತದಂತೆ, ಪೀಣ್ಯದ ಪಾಠ. ಅತ್ತಿಗೆ ಒಮ್ಮೆ ಪಂಚೆ ನೋಡುತ್ತಾಳೆ, ಒಮ್ಮೆ ಪರದೆ ನೋಡುತ್ತಾಳೆ, ಗುಂಡನ್ನು ಸಾಸಿವೆಯಷ್ಟು ಉರುಳಿಸುತ್ತಾಳೆ. ಮಾವ ಕಾಲು ಅಲ್ಲಾಡಿಸಿದರೆ, "ಅಲ್ಲಾಡಬೇಡಿ ಮಾವ, ಮಡಿಕೇಲಿ ನೆರಳು ಬೀಳುತ್ತೆ." ಮಾವನಿಗೆ ಐದು ಕಾಫಿ, ಎರಡು ತಟ್ಟೆ ಉಪ್ಪಿಟ್ಟು. ನಡುನಡುವೆ, "ನಾನು ಧಾರೆ ಎರೆಯೋದು ಇನ್ನೊಂದ್ ಕಿತ ಆಕಪ್ಪ" ಅಂತ ಬೇಡಿಕೆ. ಮೂರೂವರೆಗೆ ಪರದೆಯ ಮೇಲಿನ ಪಂಚೆ ತಣ್ಣಗೆ ನೀಲಿಗೆ ತಿರುಗಿತು. ಅದರ ಹಿಂದೆಯೇ ಅನ್ನ ಅನ್ನವಾಯಿತು, ಚೆಂಡುಹೂವು ಚೆಂಡುಹೂವಾಯಿತು. ಧಾರೆಯ ಹಾಲು ಬೀಳುತ್ತಿದ್ದ ಕೈಗಳ ಹಿಂದೆ ದಿವ್ಯಾಳ ಎಣ್ಣೆಗಪ್ಪು ಮುಖ ಮಿರಮಿರ ಮಿಂಚಿತು.

"ಅಯ್ಯೋ, ಬಂದ್ಲು ನನ್ ಮಗ್ಳು!" ಅಂತ ಮಾವ ಎದ್ದು ನಿಂತೇಬಿಟ್ಟರು. ನೆರಳು ಬಿತ್ತು. ಅತ್ತಿಗೆ ಈ ಸಲ ಬೈಯಲಿಲ್ಲ.

ಸೋಮವಾರ ನನ್ನ ವ್ಯಾನಿನಲ್ಲಿ ವೈಟ್‌ಫೀಲ್ಡ್ ಕಡೆ ಹೊರಟೆವು. ಮಾವನೂ ಬಂದರು. ಮಗಳ ಮದುವೆ ಅಷ್ಟು ದೊಡ್ಡ ಸ್ಟುಡಿಯೋದಲ್ಲಿ ಹಾಕುತ್ತಾರೆ ಅಂದಮೇಲೆ ಅವರನ್ನು ತಡೆಯುವವರು ಯಾರು? ಉಟ್ಟದ್ದು ಅದೇ ಪಂಚೆ. ಒಗೆಯಬಾರದು ಅಂತ ಅತ್ತಿಗೆಯ ಕಟ್ಟಪ್ಪಣೆಯಾಗಿತ್ತು. ನಾಲ್ಕು ದಿನ ಒಗೆಯದ ಪಂಚೆಯನ್ನು ಜನರೆದುರು ಉಡಿಸಿ ಕಳಿಸಬೇಕಾಯಿತಲ್ಲ ಅಂತ ಬೈರಮ್ಮತ್ತೆ ಗೇಟಿನಲ್ಲಿ ಹಣೆ ಚಚ್ಚಿಕೊಂಡರು.

ಸ್ಟುಡಿಯೋದ ಒಳಗೆ ಮೂರಾಳೆತ್ತರದ ಎಲ್‌ಇಡಿ ಗೋಡೆ. ಊರು, ಬೆಟ್ಟ, ಏನು ಬೇಕೋ ಅದನ್ನು ಅದರಲ್ಲೇ ತೋರಿಸಿ, ಮುಂದೆ ಜನರನ್ನು ನಿಲ್ಲಿಸಿ ಚಿತ್ರ ತೆಗೆಯುತ್ತಾರೆ. ಎಲ್ಲಿಗೂ ಹೋಗುವುದೇ ಬೇಡ. ಅವತ್ತು ಸಮುದ್ರ ಬಿಟ್ಟಿದ್ದರು, ನೆಲವೂ ಪರದೆಯೇ. ನೊರೆ ಕಟ್ಟಿದ ಅಲೆಯೊಂದು ಉರುಳಿ ಬಂತು ನೋಡಿ, ಮಾವ ಅಯ್ಯಯ್ಯೋ ಅಂತ ಪಂಚೆಯನ್ನು ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿಕೊಂಡು ಹಿಂದಕ್ಕೆ ಹಾರಿದರು. ವೇಣಿ ಮೇಡಂ ನಗು ತಡೆಯಲಾರದೆ ಅಲ್ಲೇ ಇದ್ದ ಡಬ್ಬದ ಮೇಲೆ ಕೂತರು. ಮಾವನನ್ನು ಹೊರಗಿನ ಸೋಫಾದಲ್ಲಿ ಕೂರಿಸಿ ನಾವು ಬಣ್ಣದ ಕೋಣೆಗೆ ಹೋದೆವು.

ಎರಡು ಪರದೆ ಅಕ್ಕಪಕ್ಕ. ಎಡಗಡೆ ಸಾಫ್ಟ್‌ವೇರಿನ ಮದುವೆ, ಬಲಗಡೆ ಅತ್ತಿಗೆಯ ಮದುವೆ. ಎಡಗಡೆಯದು ನನ್ನ ಕಂಪ್ಯೂಟರಿನದಕ್ಕಿಂತ ಎಷ್ಟೋ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ವೇಣಿ ಮೇಡಂ ತುಂಬ ಹೊತ್ತು ನೋಡಿದರು. ಆಮೇಲೆ ಬಲಗಡೆಯ ಪರದೆಗೆ ಬೆರಳಿಟ್ಟರು.

"ಮುಖ ಎಲ್ಲಾ ನಿಮ್ದು ಚೆನ್ನಾಗಿ ಬಂದಿದೆ ಅಕ್ಕ. ಆದ್ರೆ ಈ ಅಂಕಲ್ ಪಂಚೆ ನೋಡಿ. ನೀಲಿ ಹೊಡೀತಿದೆ. ನಮ್ಮ ಸಾಫ್ಟ್‌ವೇರ್ ನೋಡಿ, ಪಕ್ಕಾ ಬಿಳಿ ಮಾಡಿದೆ. ಬಿಳಿ ಬಿಳಿಯಾಗಿಲ್ಲ ಅಂದ್ರೆ ನಾನು ಪಾಸ್ ಮಾಡೋದು ಹೇಗೆ?"

ಅತ್ತಿಗೆಯ ಬೆರಳುಗಳು ಸೆರಗಿನ ತುದಿ ಸುತ್ತತೊಡಗಿದವು. ಮೇಡಂ ಡ್ರಾಯರ್ ಎಳೆದು, ತಲೆಕೂದಲು ಒಣಗಿಸುವ ಯಂತ್ರದಷ್ಟು ದೊಡ್ಡ ಒಂದು ಮಿಷನ್ನು ತೆಗೆದು ಮೇಜಿನ ಮೇಲಿಟ್ಟರು, "ಇದರಲ್ಲಿ ಅಳೆದು ತೋರಿಸ್ತೀನಿ" ಅಂತ. ಪೀಣ್ಯಕ್ಕೆ ಬಂದದ್ದರ ತಮ್ಮನೇ ಸರಿ! ಅತ್ತಿಗೆ ಕುರ್ಚಿಯನ್ನು ಹಿಂದಕ್ಕೆ ಸರಿಸಿದಳು. ನನಗೆ ತಡೆಯಲಾಗಲಿಲ್ಲ. ಬಾಗಿಲು ತೆಗೆದು ಗಂಟಲು ಹರಿಯುವ ಹಾಗೆ ಕೂಗಿದೆ.

"ಮಾವಾ! ಪಂಚೆ ಸಮೇತ ಒಳಗೆ ಬನ್ನಿ!"

ಮಾವ ಬಂದರು. ಸಮುದ್ರಕ್ಕೆ ಎತ್ತಿ ಕಟ್ಟಿದ್ದನ್ನು ಇಳಿಸಿಕೊಂಡು, ಮಡಿಕೆ ಸರಿಮಾಡಿಕೊಂಡು, ಪರದೆಯ ಪಕ್ಕ ಕಂಬದ ಹಾಗೆ ನಿಂತರು. ಪರದೆಯಲ್ಲೊಬ್ಬ ಚಿಕ್ಕಬೈರಪ್ಪ, ನೆಲದ ಮೇಲೊಬ್ಬ ಚಿಕ್ಕಬೈರಪ್ಪ. ಮೇಡಂ ಮಿಷನ್ನನ್ನು ಮೊದಲು ಪಂಚೆಯ ಮೇಲಿಟ್ಟರು. ಕೀಂಯ್. ಆಮೇಲೆ ಬಲಗಡೆಯ ಪರದೆಯ ಮೇಲೆ. ಕೀಂಯ್. ಎರಡು ಅಂಕಿಯನ್ನೂ ನೋಡಿದರು. ಮತ್ತೊಂದು ಸಲ ಅಳೆದರು.

"ಒಂದೇ ಇದೆ" ಅಂದರು ಮೇಡಂ. "ಕೂದಲೆಳೆ ಹೆಚ್ಚುಕಮ್ಮಿ. ಅಕ್ಕ, ಇದನ್ನ ನೀವು ಏನಿಟ್ಟು ಅಳೆದ್ರಿ?"

"ನೋಡ್ದೆ" ಅಂದಳು ಅತ್ತಿಗೆ.

"ನಮ್ಮ ಮನೆಯೋಳು ಮಗಳ ಮದ್ವೆ ಅಂತ ನೀಲಿ ಜಾಸ್ತಿ ಆಕವ್ಳೆ ಮೇಡಂ" ಅಂತ ಮಾವ ಬೆನ್ನು ನೆಟ್ಟಗೆ ಮಾಡಿ ಸಾಕ್ಷಿ ನುಡಿದರು. ಮೇಡಂ ಎಡಗಡೆಯ ಪರದೆಯ ಪಕ್ಕಾ ಬಿಳಿ ಪಂಚೆ ನೋಡಿದರು, ನಿಂತಿದ್ದ ಮಾವನನ್ನು ನೋಡಿದರು, ಮತ್ತೆ ನಗು ಶುರುವಾಯಿತು. ನಮಗೂ ಅಂಟಿಕೊಂಡಿತು. ಯಾಕೆ ನಗುತ್ತಿದ್ದೇವೆ ಅಂತ ಮಾವನಿಗೆ ಗೊತ್ತಾಗಲಿಲ್ಲ, ಅವರೂ ನಕ್ಕರು.

ನಗು ಇಳಿದ ಮೇಲೆ ಮೇಡಂ ಕುರ್ಚಿ ಹತ್ತಿರ ಎಳೆದುಕೊಂಡರು. "ಅಕ್ಕ, ಸಾಫ್ಟ್‌ವೇರ್ ಇರುತ್ತೆ. ಅದನ್ನ ತೆಗೆಯೋಕಾಗಲ್ಲ, ಕೆಲಸ ಅಷ್ಟಿದೆ. ಆದ್ರೆ ಅದು ಮಾಡಿದ್ದನ್ನೆಲ್ಲ ನೀವು ನೋಡಿ ಪಾಸ್ ಮಾಡಿದ ಮೇಲೇನೇ ಇಲ್ಲಿಂದ ಹೊರಗೆ ಹೋಗಬೇಕು. ಆ ಸೀಟ್ ನಿಮ್ಮದು. ಬರ್ತೀರಾ?"

ಅತ್ತಿಗೆ ಮೇಜಿನ ಮೇಲಿದ್ದ ಮಿಷನ್ನನ್ನೇ ನೋಡುತ್ತಿದ್ದಳು. "ಅದು ಮಾಡಿದ್ದು ಸರಿ ಇಲ್ಲ ಅಂದ್ರೆ," ಅಂತ ನಿಧಾನವಾಗಿ ಕೇಳಿದಳು, "ವಾಪಸ್ ಕಳಿಸಬಹುದಾ?"

"ಧಾರಾಳವಾಗಿ ಕಳಿಸಿ."

ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡು, ಒರೆಸುತ್ತಲೇ ನಕ್ಕು, "ಹಂಗಾದ್ರೆ ಮೊದಲು ಈ ಕೋಣೆ ಗೋಡೆಗೆ ಬೇರೆ ಬಣ್ಣ ಹೊಡೆಸಿ ಮೇಡಂ. ಬೂದಿ ಬಣ್ಣ ಅಂತ ಹೇಳಿ ಯಾರೋ ನಿಮಗೆ ಹಸಿರು ಹೊಡೆದು ಹೋಗಿದ್ದಾರೆ" ಅಂದಳು. ಮೇಡಂ ಮಿಷನ್ನನ್ನು ಗೋಡೆಗೆ ಒತ್ತಿ ಹಿಡಿದರು. ಕೀಂಯ್ ಅಂತು. ಮೇಡಂ ಅಂಕಿ ನೋಡಿ ಪೇಂಟರಿಗೆ ಫೋನ್ ಹಚ್ಚಿದರು.

ಈಗ ನನ್ನ ಕತ್ತಿನಲ್ಲಿ ಹೊಸ ಬಿಳಿ ಕಾರ್ಡೊಂದು ದಾರದಲ್ಲಿ ನೇತಾಡುತ್ತಿರುತ್ತದೆ. ಅತ್ತಿಗೆಯೇ ಕಟ್ಟಿದ್ದು, ಸ್ನಾನಕ್ಕೆ ಮಾತ್ರ ತೆಗೆಯಬೇಕಂತೆ. ಗಡಿಯಾರ ಅಟ್ಟದಲ್ಲೇ ಇದೆ. ಅವಳು ಕೆಲಸಕ್ಕೆ ಸೇರಿದ ದಿನ ಸಾಯಂಕಾಲ ಆರೂಕಾಲಿಗೆ ನನಗೆ ಫೋನ್ ಬಂತು. ಹಿಂದೆ ಬಸ್ಸಿನ ಹಾರನ್ನು, ಜನರ ಗದ್ದಲ. ಹಲೋ ಅನ್ನಲೂ ಬಿಡಲಿಲ್ಲ.

"ಲೋಕೇಶ! ಇವತ್ತು ಮಿಷನ್ನಿಂದ ಹದಿಮೂರು ಬಂತು ಕಣೋ! ಒಂಬತ್ತು ವಾಪಸ್!"